ನಾಲ್ಕು ತಂತಿಗೆ ಯಾರು ಹಾಡಿದರು?

ನನಗೆ ಹಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ನಮ್ಮ ಕಡೆ ಯಾರ ಕೈಯಲ್ಲಾದರೂ ವಾದ್ಯ ಕಂಡರೆ ಸಾಕು, "ಎಲ್ಲಿ, ಒಂದ್ ಆಡು ಯೇಳಪ್ಪ" ಎಂದುಬಿಡುತ್ತಾರೆ. ಬಡಗಿಯನ್ನು ಕಂಡು ಯಾರೂ ಒಂದು ಮರ ಬೆಳೆದು ತೋರಿಸು ಎನ್ನುವುದಿಲ್ಲ. ಆದರೆ ಬೇಸ್ ಗಿಟಾರ್ ಹಿಡಿದವನು ಹಾಡಲೇಬೇಕು. ಹಾಡದಿದ್ದರೆ ಅವನು ಅಲ್ಲಿ ಯಾಕಿದ್ದಾನೆ ಎಂಬುದಕ್ಕೆ ಲೆಕ್ಕ ಕೊಡಬೇಕು. ಲೋಕದಲ್ಲಿ ಮಾಡಿದರೆ ಕಾಣುವ ಕೆಲಸಗಳಿವೆ, ಮಾಡದಿದ್ದರೆ ಮಾತ್ರ ಕಾಣುವ ಕೆಲಸಗಳಿವೆ. ಸಾರಿಗೆ ಉಪ್ಪು ಹಾಕುವುದು ಎರಡನೆಯ ಬಗೆ. ಬೇಸ್ ನುಡಿಸುವುದೂ ಅದೇ ಬಗೆ ಎಂದು ನಾನು ಬಹಳ ಕಾಲ ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೆ. ಈಗ ಆ ಸಮಾಧಾನ ಸಾಕಾಗಿದೆ. ಉಪ್ಪು ಕಮ್ಮಿಯಾದರೆ ಕನಿಷ್ಠ ಗಂಡಸರು ತಟ್ಟೆ ತಳ್ಳಿ ಕೂಗಾಡುತ್ತಾರೆ. ಬೇಸ್ ಇಲ್ಲದ ಆರ್ಕೆಸ್ಟ್ರಾ ಕೇಳಿ ತಟ್ಟೆ ತಳ್ಳಿದ ಒಬ್ಬ ಬೀಗರನ್ನೂ ನಾನು ಈವರೆಗೆ ಕಂಡಿಲ್ಲ.

ನಮ್ಮೂರು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿದೆ. ಬೆಳಿಗ್ಗೆ ಸಂಜೆ ಸೀಮೆಹಸುಗಳ ಹಾಲು ಕರೆದು ಡೇರಿಗೆ ಹಾಕುವುದು, ಮದುವೆ ಸೀಸನ್ನಿನಲ್ಲಿ ಮುನಿರಾಜಣ್ಣನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವುದು, ಇವೇ ನನ್ನ ಎರಡು ಉದ್ಯೋಗ. ಡೇರಿಯಲ್ಲಿ ನನಗೆ ಸ್ಥಾನಮಾನ ಇದೆ, ಯಾಕೆಂದರೆ ಹಾಲಿಗೆ ಫ್ಯಾಟು ನೋಡುವ ಮೆಷಿನ್ ಇದೆ. ಸ್ಟೇಜಿನ ಮೇಲೆ ಅಂಥ ಮೆಷಿನ್ ಇಲ್ಲ. ಅಲ್ಲಿ ನಾನು ಸ್ಪೀಕರ್ ಬಾಕ್ಸಿಗೂ ಡ್ರಮ್ಮಿಗೂ ನಡುವಿನ ಸಂದಿಯಲ್ಲಿ ನಿಲ್ಲುತ್ತೇನೆ. ಇಷ್ಟು ವರ್ಷಗಳ ಮದುವೆ ವಿಡಿಯೋಗಳಲ್ಲಿ ನನ್ನ ಒಂದು ಮೊಣಕೈ ಮಾತ್ರ ಸೆರೆಯಾಗಿದೆ, ಅದೂ ಯಾರದೋ ಮಗು ಅಡ್ಡ ಓಡಿದಾಗ ಕ್ಯಾಮೆರಾದವನು ತಿರುಗಿದ್ದರಿಂದ. ಊಟ ಮುಗಿಸಿ ಎಲೆಅಡಿಕೆ ಜಗಿಯುತ್ತಾ ಬರುವ ಹಿರಿಯರೊಬ್ಬರು ಪ್ರತಿ ಮದುವೆಯಲ್ಲೂ ಇದ್ದೇ ಇರುತ್ತಾರೆ. ಅವರು ನನ್ನ ಗಿಟಾರನ್ನು ಮೇಲಿಂದ ಕೆಳಗೆ ನೋಡಿ, "ಯಾಕಪ್ಪ, ನಾಕೇ ತಂತಿ ಐತೆ? ಇನ್ನೆರಡು ಕಿತ್ತೋಯ್ತಾ?" ಎಂದು ಮರುಗುತ್ತಾರೆ. ಇದಕ್ಕೆ ನಾಲ್ಕೇ ತಂತಿ ಎಂದರೆ, ಪಾಪ, ಬಡವ, ಮುಚ್ಚಿಕೊಳ್ಳುತ್ತಿದ್ದಾನೆ ಎಂಬಂತೆ ಬೆನ್ನು ತಟ್ಟಿ ಹೋಗುತ್ತಾರೆ.

ಇದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ್ದು ಬಂದದ್ದು ಮುನಿರಾಜಣ್ಣನ ಬಾಯಿಂದ. ಒಂದು ದಿನ ಬಂಗಾರಪೇಟೆ ಸ್ಟೇಷನ್ ಹತ್ತಿರದ ಹೋಟೆಲಿಗೆ ಕರೆದು, ಪ್ರೀತಿಯಿಂದ ಮಸಾಲೆ ದೋಸೆ ಕೊಡಿಸಿದ. ಮುನಿರಾಜಣ್ಣ ದೋಸೆ ಕೊಡಿಸಿದರೆ ಏನೋ ಕಾದಿದೆ ಎಂದೇ ಅರ್ಥ. "ನೋಡಪ್ಪ ಎಂಕಟೇಶ, ಬೇಜಾರ್ ಮಾಡ್ಕೋಬ್ಯಾಡ. ಈ ಸೀಸನ್ನಿಂದ ಬೇಸು ನಮ್ ನಾಗೇಶನೇ ಕೀಬೋರ್ಡಲ್ಲಿ ನುಡಿಸ್ತಾನಂತೆ, ಎಡಗೈಯಲ್ಲಿ. ಅವನ ಎಡಗೈ ಸುಮ್ನೆ ತಾನೆ ಕುಂತಿರೋದು? ಗಾಡೀಲೂ ಜಾಗ ಉಳೀತದೆ" ಎಂದ. ನಾಗೇಶ ಯಾರು ಅಂದಿರಾ? ನನ್ನ ಹೆಂಡತಿ ಮಂಜುಳಾಳ ಒಡಹುಟ್ಟಿದ ತಮ್ಮ. ನಾನೇ ಆರ್ಕೆಸ್ಟ್ರಾಕ್ಕೆ ಸೇರಿಸಿದ ಭಾಮೈದ. ಅಂದರೆ ನನ್ನ ಇಡೀ ವಿದ್ಯೆ, ನನ್ನ ಬೆರಳಿನ ಜಡ್ಡು, ನನ್ನ ಬೆನ್ನುನೋವು, ಎಲ್ಲ ಸೇರಿ ನನ್ನ ಭಾಮೈದನ ಸುಮ್ಮನೆ ಕುಂತ ಎಡಗೈಗೆ ಸಮ. ಅರ್ಧ ದೋಸೆ ಬಿಟ್ಟು ಎದ್ದುಬಂದೆ. ಆಮೇಲೆ ಬಸ್ಸಿನಲ್ಲಿ ಆ ಅರ್ಧ ದೋಸೆ ನೆನೆದು ಇನ್ನಷ್ಟು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಶಪಥ ಮಾಡಿದೆ. ನನ್ನದೇ ಒಂದು ಸಿಂಗಲ್ ಮಾಡುತ್ತೇನೆ, ಒಂದೇ ಒಂದು ಟ್ರ್ಯಾಕು. ಅದರಲ್ಲಿ ಹಾಡು ಇರುವುದಿಲ್ಲ, ಹಾಡುವವರು ಇರುವುದಿಲ್ಲ, ಕೀಬೋರ್ಡಂತೂ ಖಂಡಿತ ಇರುವುದಿಲ್ಲ. ಬೇಸ್ ಇರುತ್ತದೆ, ಅದರ ಕಾವಲಿಗೆ ಡ್ರಮ್ ಇರುತ್ತದೆ. ಕೇಳುವವರು ಕೇಳಲಿ, ಬಿಡುವವರು ಬಿಡಲಿ. ಮುನಿರಾಜಣ್ಣ ಅದನ್ನು ಕೇಳಿ, ಇದು ಎಡಗೈ ಕೆಲಸ ಅಲ್ಲ ಎಂದು ತಾನಾಗಿಯೇ ಒಪ್ಪಬೇಕು. ಒಪ್ಪದಿದ್ದರೆ ಗಿಟಾರನ್ನು ಅಟ್ಟಕ್ಕೆ ಹಾಕಿ ಬರೀ ಹಸು ನೋಡಿಕೊಂಡಿರುತ್ತೇನೆ ಎಂದು ಮಂಜುಳಾಳ ಎದುರಿಗೇ ಹೇಳಿದೆ. "ಅಟ್ಟದಾಗೆ ಜಾಗ ಇಲ್ಲ" ಎಂದಳು ಅವಳು.

ಟ್ಯೂನ್ ಹುಟ್ಟಿದ್ದು ಕೊಟ್ಟಿಗೆಯಲ್ಲಿ. ಹಾಲು ಕರೆಯುವ ಮೆಷಿನ್ನಿಗೆ ಒಂದು ತಾಳವಿದೆ: ಟಿಕ್-ಟಕ್, ಟಿಕ್-ಟಕ್, ಒಂದು ಚೂರು ಆಚೀಚೆ ಆಗುವುದಿಲ್ಲ. ನಮ್ಮ ಆರ್ಕೆಸ್ಟ್ರಾದ ಡ್ರಮ್ಮರ್ ಅದನ್ನು ನೋಡಿ ಕಲಿಯಬೇಕು. ಮನೆಯೊಳಗೆ ನುಡಿಸಿದರೆ ಬೈಸಿಕೊಳ್ಳಬೇಕಾದ್ದರಿಂದ ನನ್ನ ಸಣ್ಣ ಆಂಪ್ಲಿಫೈಯರನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ, ಮೆಷಿನ್ ಹಾಕಿ, ಅದರ ತಾಳಕ್ಕೆ ದಿನವೂ ನುಡಿಸಿದೆ. ಕೋಣನ ಮುಂದೆ ಕಿನ್ನರಿ ನುಡಿಸಿದಂತೆ ಎಂದು ಹಿರಿಯರು ಆಡಿಕೊಳ್ಳುತ್ತಾರಲ್ಲ, ಆ ಹಿರಿಯರು ಯಾರೂ ಕೋಣನ ಮುಂದೆ ನುಡಿಸಿ ನೋಡಿದವರಲ್ಲ. ನಮ್ಮ ಹಸುಗಳು ತಲೆ ತಗ್ಗಿಸಿ ಪೂರ್ತಿ ಕೇಳಿದವು. ಒಂದು ಹಸುವೂ "ಹಾಡುವವರು ಯಾರು" ಎಂದು ಕೇಳಲಿಲ್ಲ. ಟ್ಯೂನಿಗೆ 'ನೆಲ' ಎಂದು ಹೆಸರಿಟ್ಟೆ. ಅತಿ ದಪ್ಪ ತಂತಿಯಲ್ಲೇ ಹೆಚ್ಚು ಓಡಾಡುವ, ಮೇಲಕ್ಕೆ ಹೋಗಲು ಒಪ್ಪದ ಟ್ಯೂನ್ ಅದು.

ಗಿಟಾರನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ, ಕಂಪ್ಯೂಟರಿನದೇ ಡ್ರಮ್ ಸೇರಿಸಿ ಒಂದು ಕಚ್ಚಾ ರೆಕಾರ್ಡಿಂಗ್ ಮಾಡಿಸಿ, ಫೋನಿಗೆ ಹಾಕಿಕೊಂಡು ಮನೆಗೆ ಬಂದೆ. ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಹಚ್ಚಿದೆ. ಮಂಜುಳಾ ಫೋನನ್ನು ಕಿವಿಗೆ ಹಿಡಿದು ಬಹಳ ಹೊತ್ತು ತಾಳ್ಮೆಯಿಂದ ಕಾದಳು. ಆಮೇಲೆ, "ಏನ್ರೀ, ಇನ್ನೂ ಸುರುವಾಗಿಲ್ಲ ಅನ್ಸುತ್ತೆ" ಎಂದಳು. ಅಷ್ಟರಲ್ಲಿ ಅದು ಮುಗಿದಿತ್ತು. ಅಮ್ಮ ಇಸಿದುಕೊಂಡು ಕೇಳಿ, "ಲೇ ಎಂಕಟೇಶ, ಗಡಿಯಾರ ಬಡ್ಕೊಂಡಂಗೆ ಟಿಕ್ಕು ಟಿಕ್ಕು ಅಂತಾ ಐತೆ ಕಣ್ಲಾ. ಸೆಲ್ಲು ಕೆಟ್ಟದೇನೋ ತೋರ್ಸು" ಎಂದಳು. ಆಗ ನನ್ನ ತಲೆಗೆ ಹೊಳೆಯಿತು. ಫೋನಿನ ಸ್ಪೀಕರು ಕಡಲೆಕಾಳಿನಷ್ಟು. ನನ್ನ ದಪ್ಪ ತಂತಿಯ ಸದ್ದು ಅದರಿಂದ ಹೊರಗೆ ಬರುವುದೇ ಇಲ್ಲ. ಡ್ರಮ್ಮಿನ ತಟ್ಟೆಯ ಸದ್ದು ಮಾತ್ರ ನುಸುಳಿ ಬರುತ್ತದೆ. ಅಂದರೆ ಇಡೀ ತಾಲ್ಲೂಕಿನಲ್ಲಿ ಜನ ಯಾವುದರಲ್ಲಿ ಹಾಡು ಕೇಳುತ್ತಾರೋ ಅದರಲ್ಲಿ ಕೇಳಿಸದಂಥ ಟ್ಯೂನೊಂದನ್ನು ನಾನು ಬೆವರು ಸುರಿಸಿ ಕಟ್ಟಿದ್ದೆ.

ನಾಗೇಶನೂ ಅಲ್ಲೇ ಇದ್ದ. ಅಕ್ಕನ ಮನೆಯಲ್ಲಿ ಮುದ್ದೆ ಬೇಯುವ ಹೊತ್ತಿಗೆ ಅವನು ಇದ್ದೇ ಇರುತ್ತಾನೆ. ಅವನ ಮುಖದಲ್ಲಿ ಕರುಣೆ ಉಕ್ಕಿತು. "ಬಾವಾ, ನಾನ್ ಮೇಲೊಂದು ಕೊಳಲು ಆಕ್ತೀನಿ, ಕೀಬೋರ್ಡಲ್ಲೇ ಬತ್ತದೆ. ಇಲ್ಲಾಂದ್ರೆ ಒಂದ್ ಉಡ್ಗಿ ಕೈಲಿ ಆ ಆ ಅಂತ ಅನ್ಸಿಬಿಡಾನ. ಎಲ್ರಿಗೂ ಕೇಳ್ತದೆ" ಎಂದ. ಅಮ್ಮ ತಲೆಯಾಡಿಸಿದಳು. ಮಂಜುಳಾ ತಮ್ಮನ ಮುಖವನ್ನೊಮ್ಮೆ ನೋಡಿ ಒಲೆಯ ಕಡೆಗೆ ಎದ್ದುಹೋದಳು. ನನಗೆ ರೇಗಿಹೋಯಿತು. "ಲೇ ನಾಗೇಶ, ನಿನ್ನ ಎಡಗೈ ನನ್ನ ಅನ್ನ ಕಿತ್ಕೊಂಡಿದ್ದು ಸಾಲ್ದಾ, ಈಗ ಬಲಗೈನೂ ತತ್ತೀಯಾ? ಕೇಳ್ಸದಿದ್ರೆ ಬ್ಯಾಡ! ಫೋನಲ್ಲಿ ಕೇಳಿಸ್ಬೇಕು ಅಂತ ನಾನು ಬೇಸನ್ನ ಸೊಳ್ಳೆ ಮಾಡಾಕಿಲ್ಲ!" ಎಂದು ಕೂಗಿದೆ. ಕೂಗಿದ ಮೇಲೆ ಮುದ್ದೆಯನ್ನೂ ಅರ್ಧಕ್ಕೇ ಬಿಟ್ಟು ಎದ್ದೆ. ಅವನು ಮಾತ್ರ ಇನ್ನೊಂದು ಹಾಕಿಸಿಕೊಂಡ.

ಮರುದಿನವೇ ಮುನಿರಾಜಣ್ಣನ ಗೋಡೌನಿನಿಂದ ಆರ್ಕೆಸ್ಟ್ರಾದ ದೊಡ್ಡ ಬೇಸ್ ಆಂಪ್ಲಿಫೈಯರನ್ನು ಕೇಳಿ ತಂದೆ. ಇನ್ನು ಮೇಲೆ ಅದಕ್ಕೆ ಕೆಲಸವಿಲ್ಲದ್ದರಿಂದ ಅವನು ಸಂತೋಷದಿಂದಲೇ ಕೊಟ್ಟ. ಡೇರಿ ಕ್ಯಾನುಗಳ ಪಕ್ಕ ಅದನ್ನು ಗೂಡ್ಸ್ ಆಟೋದಲ್ಲಿ ಕೂರಿಸಿಕೊಂಡು, ಹಿಂದೆ ಚಿನ್ನದ ಗಣಿಯಿದ್ದ ಚಾಂಪಿಯನ್ ರೀಫ್ಸ್‌ಗೆ ಹೋದೆ. ಅಲ್ಲಿ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಸಾಲಿನಲ್ಲಿ ನನ್ನ ಗೆಳೆಯ ಸೆಲ್ವನ ಮನೆ. ಆ ಕಚ್ಚಾ ರೆಕಾರ್ಡಿಂಗ್ ಮಾಡಿಕೊಟ್ಟವನೂ ಅವನೇ. ಮುಂದಿನ ಕೋಣೆಯ ಗೋಡೆಗೆಲ್ಲ ಹಳೆ ಹಾಸಿಗೆ ಕಟ್ಟಿ ಸ್ಟುಡಿಯೋ ಎಂದು ಕರೆಯುತ್ತಾನೆ. ಹಿಂದಿನ ಕೋಣೆಯಲ್ಲಿ ಅವನ ಅಜ್ಜಿ ಇದ್ದಾರೆ. ಸಾಲಿಗೆಲ್ಲ ಅವರು ಪಾಟಿ. ಆಂಪ್ಲಿಫೈಯರ್ ನೋಡಿದ ಸೆಲ್ವ ಬಾಗಿಲಿಗೆ ಅಡ್ಡ ನಿಂತ. "ಮಚ್ಚಾ, ಇದ್ಯಾಕೆ ಬೀರು ತರ ಎತ್ಕೊಂಡ್ ಬಂದೆ? ಹೋದ್ಸಲದ ತರ ನೇರ ಸಿಸ್ಟಮ್‌ಗೆ ಸಿಕ್ಸು, ನೀಟಾಗಿ ಬರುತ್ತೆ" ಎಂದ. ನೀಟಾಗಿ ಬಂದದ್ದರ ಗತಿ ನಮ್ಮ ಪಡಸಾಲೆಯಲ್ಲಿ ನೋಡಿ ಆಗಿತ್ತು. ಈ ಸಲ ನೆಲ ಅದುರಬೇಕು, ಆ ಅದುರು ಮೈಕಿಗೆ ಹೋಗಬೇಕು ಎಂದು ಹಟ ಹಿಡಿದೆ. ಆಂಪ್ಲಿಫೈಯರನ್ನು ಬರೀ ನೆಲದ ಮೇಲಿಟ್ಟು, ಎದುರಿಗೆ ಮೈಕ್ ನಿಲ್ಲಿಸಿ, ಸೌಂಡಿನ ಗುಂಡಿಯನ್ನು ನಾನೇ ತಿರುಗಿಸಿದೆ. ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಶುರು ಮಾಡಿದೆ.

ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವತ್ತೂ ನುಡಿಸಿರಲಿಲ್ಲ. ಕೊನೆಯ ಭಾಗದಲ್ಲಿ ದಪ್ಪ ತಂತಿಯ ಬುಡದ ಸ್ವರ ಮತ್ತೆ ಮತ್ತೆ ಬರುತ್ತದೆ. ಅಲ್ಲಿಗೆ ಬಂದಾಗ ಒಮ್ಮೆ ಕಣ್ಣು ತೆರೆದೆ. ಬಾಗಿಲಲ್ಲಿ ನಿಂತ ಸೆಲ್ವ ಎರಡೂ ಕೈ ಜೋರಾಗಿ ಬೀಸುತ್ತಿದ್ದ. ಅಬ್ಬಾ, ಇವನಿಗೇ ಮೈಮರೆತುಹೋಗಿದೆಯಲ್ಲ ಎಂದು ನಾನು ಇನ್ನೂ ಬಲವಾಗಿ ಮೀಟಿದೆ. ಅವನು ತಲೆ ಚಚ್ಚಿಕೊಂಡ. ಅದನ್ನೂ ಮೆಚ್ಚುಗೆಯೆಂದೇ ತಿಳಿದೆ. ಟ್ಯೂನ್ ಮುಗಿಸಿ ಹೆಡ್‌ಫೋನ್ ತೆಗೆದಾಗ ಹೊರಗೆ ಗಲಾಟೆ ಕೇಳಿಸಿತು. ಬಂದು ನೋಡುತ್ತೇನೆ, ಇಡೀ ಲೈನು ಬೀದಿಯಲ್ಲಿ ನಿಂತಿದೆ! ಒಬ್ಬರ ಅರ್ಧ ಮುಖದಲ್ಲಿ ಶೇವಿಂಗ್ ಸೋಪು. ಒಬ್ಬಾಕೆಯ ಕಂಕುಳಲ್ಲಿ ಮಿಕ್ಸಿ ಜಾರು. ಎಲ್ಲರೂ ಒಂದೇ ಕಡೆಗೆ, ಗಣಿಗೆ ಇಳಿಯುವ ಹಳೆಯ ಶಾಫ್ಟಿನ ಕಡೆಗೆ ನೋಡುತ್ತಿದ್ದಾರೆ. ಮುಂದೆ ಪಾಟಿ.

ಚಾಂಪಿಯನ್ ರೀಫ್ಸ್‌ನವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಾತಾಳದಲ್ಲಿ ಬಂಡೆ ತಾನಾಗಿ ಸಿಡಿದರೆ ಮೇಲೆ ಮನೆಗಳ ನೆಲ ಗುಡುಗುತ್ತಿತ್ತು, ಪಾತ್ರೆ ಅದುರುತ್ತಿದ್ದವು. ಅದಕ್ಕೆ ಏರ್‌ಬ್ಲಾಸ್ಟ್ ಎನ್ನುತ್ತಾರೆ. ಹೆಂಗಸರು ಒಲೆ ಮೇಲಿನದನ್ನು ಹಾಗೇ ಬಿಟ್ಟು ಬೀದಿಗೆ ಬಂದು, ಒಳಗಿಳಿದವರು ಮೇಲೆ ಬರುತ್ತಾರೋ ಇಲ್ಲವೋ ಎಂದು ಶಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಈಗ ಒಳಗೆ ಇಳಿಯುವವರು ಯಾರೂ ಇಲ್ಲ. ಆದರೆ ನೆಲ ಅದುರಿದರೆ ಆ ಕಾಲುಗಳು ಯಾರನ್ನೂ ಕೇಳದೆ ಬೀದಿಗೆ ಬರುತ್ತವೆ. ಇದೆಲ್ಲ ಅರ್ಥವಾದದ್ದೇ ತಡ, ಗಿಟಾರನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ಎಲ್ಲರಿಗೂ ಕೈ ಮುಗಿದು, "ತಪ್ಪಾಯ್ತು, ಏರ್‌ಬ್ಲಾಸ್ಟ್ ಅಲ್ಲ, ನಾನು" ಎಂದೆ.

ಅರೆ ಶೇವಿಂಗಿನವರು ಬೈದರು. ಮಿಕ್ಸಿ ಜಾರಿನಾಕೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈದಳು. ಪಾಟಿ ಮಾತ್ರ ಬಂದು ನನ್ನ ಗಿಟಾರನ್ನು ಮುಟ್ಟಿ ನೋಡಿ, "ಇದಾ? ಇಷ್ಟೇ ಇಷ್ಟು ತಂತೀನಾ? ನಾನು ಆ ಕಾಲದಾಗೆ ಎಷ್ಟೋ ಕೇಳಿದೀನಿ ರಾಜಾ, ಏರ್‌ಬ್ಲಾಸ್ಟ್ ಒಂದೇ ತಡವೆ, ಒಂದೇ ಸಲ ಬರೋದು. ಇದು ಬಂದೂ ಬಂದೂ ಹೋಯ್ತು. ಆವಾಗ್ಲೇ ನಂಗೆ ಡೌಟ್" ಎಂದು ನಕ್ಕುಬಿಟ್ಟರು. ಅವರು ನಕ್ಕ ಮೇಲೆ ಬೀದಿ ನಕ್ಕಿತು. "ಸರಿ, ಇದು ಪಾಟು, ಹಾಡು ಅನ್ನೋದಾದ್ರೆ ಯಾರು ಹಾಡ್ತಾರೆ?" ಎಂದು ಅವರೂ ಕೇಳಿದರು. ನನಗೆ ಈ ಪ್ರಶ್ನೆಯಿಂದ ಈ ಜನ್ಮದಲ್ಲಿ ಬಿಡುಗಡೆ ಇಲ್ಲ.

ಒಳಗೆ ಬಂದು ರೆಕಾರ್ಡಿಂಗ್ ಕೇಳಿದೆವು. ನುಡಿಸಾಣಿಕೆ ಅದ್ಭುತ, ನನ್ನ ಬಾಯಿಂದ ನಾನೇ ಹೇಳಬಾರದು, ಆದರೆ ಇನ್ಯಾರು ಹೇಳುತ್ತಾರೆ? ಕೊನೆಯ ಭಾಗದಲ್ಲಿ ಮಾತ್ರ, ಬುಡದ ಸ್ವರ ಗುಡುಗುತ್ತಿರುವಾಗ, ಹಿಂದಿನ ಕೋಣೆಯಿಂದ ಪಾಟಿಯ ಕೂಗು ಮೈಕಿಗೆ ಸಿಕ್ಕಿಬಿಟ್ಟಿತ್ತು: "ಅಯ್ಯಯ್ಯೋ, ಏರ್‌ಬ್ಲಾಸ್ಟು! ಎಲ್ಲಾರುಂ ವೆಳಿಯೆ ವಾಂಗ!" ಎಲ್ಲರೂ ಹೊರಗೆ ಬನ್ನಿ ಎಂದು. ಸೆಲ್ವ ಅದನ್ನು ಕತ್ತರಿಸಲು ಹೊರಟ. ಅವನ ಕೈ ಹಿಡಿದೆ. ಇಷ್ಟು ವರ್ಷ ನುಡಿಸಿದ್ದೇನೆ, ನನ್ನ ಬೇಸ್ ಕೇಳಿ ಒಬ್ಬ ಮನುಷ್ಯ ಕುರ್ಚಿ ಬಿಟ್ಟು ಎದ್ದದ್ದಿಲ್ಲ. ಇಲ್ಲಿ ಒಂದು ಬೀದಿಗೆ ಬೀದಿಯೇ ಎದ್ದು ಬಂದಿದೆ, ಅದರ ಸಾಕ್ಷಿ ಇದೊಂದೇ. "ಕತ್ತರಿಸೋದಾದ್ರೆ ನನ್ನ ಕೈ ಕತ್ತರಿಸು" ಎಂದೆ. ಪಾಟಿಯ ಒಪ್ಪಿಗೆ ಕೇಳೋಣವೆಂದು ಅವರ ಕಿವಿಗೆ ಹೆಡ್‌ಫೋನ್ ಹಾಕಿದೆವು. ತಮ್ಮ ಕೂಗು ಕೇಳಿ ಅವರ ಮುಖ ಅರಳಿತು. "ನಂದೇ ವಾಯ್ಸಾ? ಇನ್ನೊಂದ್ ತಡವೆ ಹಾಕು. ಮೊದಲಿಂದ ಬೇಡ ರಾಜಾ, ನಾನ್ ಬರೋ ಜಾಗದಿಂದ ಹಾಕು" ಎಂದರು.

ಮನೆಗೆ ಬಂದ ಮೇಲೆ ಮತ್ತೆ ಅಳುಕು ಶುರುವಾಯಿತು. ಬಿಡುಗಡೆ ಮಾಡಿದರೂ ಜನ ಕೇಳುವುದು ಫೋನಿನಲ್ಲೇ ತಾನೆ? ನಾಗೇಶನ ಕೊಳಲಿಗೆ ಒಪ್ಪಿಬಿಡಲೇ ಎಂದು ಮಂಜುಳಾಳನ್ನು ಕೇಳಿದೆ. ಅವಳು ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿ, "ಬ್ಯಾಡ. ನಮ್ ತಮ್ಮ ಅಂತ ನಾನ್ ಸುಮ್ನಿದ್ದೆ. ನಂಗೆ ಫೋನಾಗೆ ಕೇಳಿಸ್ಲಿಲ್ಲ ನಿಜ. ಆದ್ರೆ ನೀವ್ ಕೊಟ್ಟಿಗೇಲಿ ನುಡಿಸ್ದಾಗೆಲ್ಲ ಗೋಡೆ ಈಚೆ ಈ ಲೋಟಗಳು ಗುಂಯ್ ಅಂತಾವೆ. ಅದ್ ಕೇಳ್ಕೊಂಡೇ ನಾನ್ ಒಲೆ ಅಚ್ಚೋದು. ನೀವ್ ಮದುವೆಗೆ ಓದ ದಿನ ಮನೆ ಭಣಭಣ ಅಂತದೆ" ಎಂದಳು. ನನ್ನ ಕಣ್ಣು ತುಂಬಿದ್ದನ್ನು ಚಹಾದ ಹಬೆಯ ಮೇಲೆ ಹಾಕಿದೆ. ಅಂದೇ 'ನೆಲ' ಇದ್ದದ್ದು ಇದ್ದ ಹಾಗೆ ಇಂಟರ್ನೆಟ್ಟಿನಲ್ಲಿ ಬಿಡುಗಡೆಯಾಯಿತು. ಕೊಳಲಿಲ್ಲ, ಆ ಆ ಇಲ್ಲ, ಯಾರ ಎಡಗೈಯೂ ಇಲ್ಲ.

ಮುಂದೆ ಆದದ್ದನ್ನು ನೀವು ಊಹಿಸಿರಬಹುದು, ನಾನು ಮಾತ್ರ ಊಹಿಸಿರಲಿಲ್ಲ. ಫೋನಿನಲ್ಲಿ ಬೇಸ್ ಕೇಳಿಸುವುದಿಲ್ಲ. ಪಾಟಿ ಕೇಳಿಸುತ್ತಾರೆ! ಡೇರಿಯ ಸಾಲಿನಲ್ಲಿ, ಬಸ್ಸಿನಲ್ಲಿ, ಕಾಮಸಮುದ್ರದ ಸಂತೆಯಲ್ಲಿ ಜನ ನನ್ನ ಟ್ಯೂನ್ ಹಚ್ಚಿಕೊಂಡು, ಒಂದಿಷ್ಟು ಹೊತ್ತು ಗಡಿಯಾರದ ಟಿಕ್ಕುಟಿಕ್ಕು ಕೇಳಿ, ಸೆಲ್ಲು ಕೆಟ್ಟಿದೆಯೇನೋ ಎಂದು ಕಿವಿಗೆ ಒತ್ತಿ ಹಿಡಿದ ಹೊತ್ತಿಗೆ ಸರಿಯಾಗಿ "ಅಯ್ಯಯ್ಯೋ, ಏರ್‌ಬ್ಲಾಸ್ಟು!" ಎಂದು ಕಿವಿ ಹರಿಯುವಂತೆ ಕೂಗು. ಬೆಚ್ಚಿಬಿದ್ದವರು ಇನ್ನೊಬ್ಬರನ್ನು ಬೆಚ್ಚಿಬೀಳಿಸಲು ಕಳಿಸಿದರು. ಟ್ರ್ಯಾಕ್ಟರ್ ಓಡಿಸುವವರು ಆ ಕೂಗನ್ನು ರಿಂಗ್‌ಟೋನ್ ಮಾಡಿಕೊಂಡರು. ಅಮ್ಮ ಕೂಡ ಕೇಳಿ, "ಈಗ ಚೆನ್ನಾಗದೆ ಕಣ್ಲಾ, ಮೊದ್ಲೇ ಈಯಮ್ಮನ್ನ ಆಕೊಂಡಿದ್ರೆ ಆಗ್ತಿರ್ಲಿಲ್ವಾ" ಎಂದಳು.

ಒಂದು ಬೆಳಿಗ್ಗೆ ಮುನಿರಾಜಣ್ಣನ ಫೋನ್ ಬಂತು. "ಎಂಕಟೇಶಪ್ಪ, ನಿನ್ ಟ್ಯೂನ್ ಕೇಳ್ದೆ ಕಣಪ್ಪ!" ಎಂದ. ನನ್ನ ಎದೆ ಒಂದು ಗೇಣು ಅಗಲವಾಯಿತು. ಎಡಗೈ ಕೆಲಸ ಅಲ್ಲ ಎಂಬ ಮಾತಿಗಾಗಿ ಕಿವಿ ನಿಮಿರಿಸಿ ಕಾದೆ. "ಆ ಅಜ್ಜಿ ಯಾರಪ್ಪ ಆಡಿರೋದು? ನಂಬರ್ ಕೊಡು. ಎಲ್ಲೋದ್ರೂ ಮದುವೆ ಐಕ್ಳು ಏರ್‌ಬ್ಲಾಸ್ಟ್ ಅಜ್ಜೀನ ಕರ್ಸು ಅಂತಾವೆ" ಎಂದ. ಗಿಟಾರು ಅಟ್ಟಕ್ಕೆ ಹೋಗಬೇಕೋ ಬೇಡವೋ ಎಂಬುದು ಆ ಕ್ಷಣದಲ್ಲಿ ತೂಗುತ್ತಿತ್ತು. ನಾನು ಹಸುವಿನ ಬೆನ್ನು ಸವರುತ್ತಾ ಗಂಭೀರವಾಗಿ, "ಕೊಡ್ಬಹುದು ಅಣ್ಣ. ಆದ್ರೆ ಪಾಟಿ ಸುಮ್ ಸುಮ್ನೆ ಕೂಗೋ ಜನ ಅಲ್ಲ. ಕಾಲ್ಕೆಳಗೆ ನೆಲ ಅದುರಿದ್ರೇ ಅವ್ರಿಗೆ ಸ್ವರ ಏಳೋದು. ನಾಗೇಶನ ಎಡಗೈಯಲ್ಲಿ ಅದುರಿಸಿ ನೋಡಿ, ಆಗದಿದ್ರೆ ಫೋನ್ ಮಾಡಿ" ಎಂದೆ. ಆ ಕಡೆ ಲೆಕ್ಕ ಹಾಕುವ ಗೊಣಗಾಟ ಕೇಳಿಸಿತು. ಆಮೇಲೆ, "ಗಾಡೀಲಿ ಜಾಗ ಮಾಡ್ತೀನಿ ಬಾರಪ್ಪ" ಎಂದ. ನಾಗೇಶನ ಎಡಗೈ ಮತ್ತೆ ಸುಮ್ಮನೆ ಕುಂತಿದೆ.

ಮೊನ್ನೆ ಪಾಟಿಯ ಮನೆಯಲ್ಲೇ ರಿಹರ್ಸಲ್. ಈ ಸಲ ಸಾಲಿಗೆಲ್ಲ ಮೊದಲೇ ಹೇಳಿ ಬಂದಿದ್ದೆವು. ಶೇವಿಂಗಿನವರು ಪೂರ್ತಿ ಮುಖ ಬೋಳಿಸಿಕೊಂಡು ಬಂದು ಮುಂದೆ ಕುಳಿತಿದ್ದರು. ಪಾಟಿ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಮೈಕಿನ ಎದುರಿಗೆ ನಿಂತರು. ಹಾಡುವವರು ಬೇಡವೇ ಬೇಡ ಎಂದು ಊರೆಲ್ಲ ಜಗಳವಾಡಿದ ನಾನು, ಆಂಪ್ಲಿಫೈಯರ್ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ, ನನ್ನ ಹಳೆಯ ಜಾಗದಂಥದ್ದೇ ಜಾಗದಲ್ಲಿ ನಿಂತೆ. ಬುಡದ ಸ್ವರ ಎತ್ತಿಕೊಂಡೆ. ಪಾಟಿ ಉಸಿರೆಳೆದುಕೊಂಡರು, ಬಾಯಿ ತೆರೆದರು, ತಟ್ಟನೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಕಣ್ಣಾ, ನಿಂದು ಸ್ವಲ್ಪ ಸೌಂಡ್ ಕಮ್ಮಿ ಮಾಡು. ನನ್ ವಾಯ್ಸ್ ಕೇಳ್ಸಲ್ಲ."

ಆಗಲಿ ಪಾಟಿ ಎಂದು ವಿನಯದಿಂದ ಬಗ್ಗಿ ಗುಂಡಿ ತಿರುಗಿಸಿದೆ. ಯಾವ ಕಡೆಗೆ ತಿರುಗಿಸಿದೆ ಎಂಬುದನ್ನು ಆ ಸಾಲಿನ ಪಾತ್ರೆಗಳನ್ನೇ ಕೇಳಿ.